ಮೊರ ಹಿಡಿದು ನಿಂತ ಅವ್ವ

ಆ ದಿನ ಬೆಳಿಗ್ಗೆಯೂ ನಮ್ಮ ಮನೆಯಲ್ಲಿ ಎರಡು ವಾಸನೆಗಳಿದ್ದವು. ಪಡಸಾಲೆಯ ಮೇಜಿನ ಕಡೆಯಿಂದ ಅಪ್ಪ ಲೆನ್ಸು ಒರೆಸುವ ಸ್ಪಿರಿಟ್ಟಿನ ವಾಸನೆ, ಒಳಗಿನ ಒಲೆಯ ಕಡೆಯಿಂದ ಅವ್ವ ತಿರುವುತ್ತಿದ್ದ ಸಂಡಿಗೆ ಹಿಟ್ಟಿನ ವಾಸನೆ. ಒಂದು ಮೂಗಿಗೆ ತಣ್ಣಗೆ ತಾಗಿ ಆರಿಹೋಗುವಂಥದ್ದು, ಇನ್ನೊಂದು ಜೀರಿಗೆ ಇಂಗು ಹೊತ್ತು ಬೆಚ್ಚಗೆ ಬಂದು ಬಟ್ಟೆಯಲ್ಲೇ ಉಳಿಯುವಂಥದ್ದು. ನಡುಮನೆಯ ಹೊಸ್ತಿಲ ಹತ್ತಿರ ಅವೆರಡೂ ಕೂಡುತ್ತಿದ್ದವು. ನಾನು ಕೂರುತ್ತಿದ್ದದ್ದು ಅಲ್ಲೇ. ಈಗ ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ಮಷಿನ್ನುಗಳನ್ನು ಬಿಚ್ಚಿಕೊಂಡು ಕೂತಾಗ, ಹತ್ತಿಗೆ ಸ್ಪಿರಿಟ್ ಹಾಕಿ ಒಂದು ತಂತಿಯ ತುದಿ ಒರೆಸಿದ ಕೂಡಲೇ ಆ ತಣ್ಣನೆಯ ವಾಸನೆ ಬರುತ್ತದೆ. ಅದರ ಹಿಂದೆಯೇ ಇಂಗಿನ ವಾಸನೆ ಬರಬೇಕೆಂದು ನನ್ನ ಮೂಗು ಒಂದು ಕ್ಷಣ ಕಾಯುತ್ತದೆ. ಹೀಗೆ ಅರ್ಧ ಬಂದು ನಿಂತುಬಿಡುವ ವಾಸನೆಯೊಂದು ನಿಮಗೂ ಇದ್ದೀತು. ಅದು ಯಾವ ದಿನದ್ದೆಂದು ಕೇಳಿದರೆ ನನಗೆ ಗೊತ್ತು. ಬೇಸಿಗೆಯ ರಜೆಯ ಆ ದಿನದ್ದು. ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆ ಇದ್ದ ಕೊನೆಯ ದಿನದ್ದು.

ನಮ್ಮ ಮನೆ ಹಾನಗಲ್ಲಿನಲ್ಲಿತ್ತು. ಹಂಚಿನ ಮನೆ. ಮುಂದೆ ಪಡಸಾಲೆ, ನಡುವೆ ಕತ್ತಲೆಯ ಕೋಣೆ, ಹಿಂದೆ ಬೆಳಕು ಸುರಿಯುವ ಹಿತ್ತಲ ಬಾಗಿಲು. ಅಪ್ಪ ಕ್ಯಾಮೆರಾ ರಿಪೇರಿ ಮಾಡುತ್ತಿದ್ದ. ಫೋಟೋ ತೆಗೆಯುವವರು ಪ್ರತಿ ಊರಿನಲ್ಲೂ ಇದ್ದರು, ಕೆಟ್ಟ ಕ್ಯಾಮೆರಾ ನೋಡುವವನು ಮಾತ್ರ ಸುತ್ತಲ ನಾಲ್ಕು ತಾಲೂಕಿಗೂ ಅವನೊಬ್ಬನೇ. ಹಾನಗಲ್ಲಿನವು ನಡೆದು ಬರುತ್ತಿದ್ದವು. ಶಿಗ್ಗಾಂವಿ, ಸವಣೂರು, ಹಿರೇಕೆರೂರಿನವು ಬಸ್ಸಿನಲ್ಲಿ, ಟವೆಲ್ಲಿನಲ್ಲಿ ಸುತ್ತಿಕೊಂಡು, ಕೆಲವೊಮ್ಮೆ ಕಂಡಕ್ಟರನ ಕೈಯಲ್ಲಿ ಬರುತ್ತಿದ್ದವು. ಮಳೆಗಾಲದಲ್ಲಿ ಲೆನ್ಸುಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಅದರ ಭಯಕ್ಕೆ ಅಕ್ಕಿಆಲೂರಿನ ಸ್ಟುಡಿಯೋದವರು ಕ್ಯಾಮೆರಾವನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಡುತ್ತಿದ್ದರು. ಅಕ್ಕಿ ಗಿರಣಿಯ ಊರು, ಅಕ್ಕಿಗೇನು ಬರ. ಅಕ್ಕಿ ತೇವವನ್ನು ಎಳೆಯುತ್ತಿತ್ತು ನಿಜ, ಅದರ ಜೊತೆಗೆ ತೌಡಿನ ನುಣ್ಣನೆಯ ಪುಡಿಯನ್ನು ಶಟರಿನ ಎಲೆಗಳ ನಡುವೆ ತುಂಬಿ ಕಳಿಸುತ್ತಿತ್ತು. ಅಂಥ ಕ್ಯಾಮೆರಾ ಬಿಚ್ಚಿದಾಗಲೆಲ್ಲ ಅಪ್ಪ ಒಳಗೆ ಕೂಗಿ, ಎಸರಿಗೆ ಇಡು, ಅಕ್ಕಿ ಬಂತು ಎನ್ನುತ್ತಿದ್ದ. ಬಿಚ್ಚಿದ ತಿರುಪುಗಳನ್ನು ಅವನು ಇಡುತ್ತಿದ್ದದ್ದು ಅವ್ವನ ಪಡ್ಡಿನ ಹಂಚಿನಲ್ಲಿ. ಮೊದಲು ಬಿಚ್ಚಿದ್ದು ಮೊದಲ ಕುಳಿಗೆ, ಆಮೇಲಿನದು ಅದರ ಪಕ್ಕದ ಕುಳಿಗೆ; ಜೋಡಿಸುವಾಗ ಹಿಂದಿನಿಂದ ಮುಂದಕ್ಕೆ ಬಂದರೆ ತಪ್ಪುವ ಮಾತೇ ಇಲ್ಲ. ಪಡ್ಡು ಮಾಡಬೇಕೆಂದಾಗ ಹಂಚು ಸಿಗದೆ ಅವ್ವ ಬೈಯುವಳು. ಕೊನೆಗೆ ಸಂತೆಯಲ್ಲಿ ಇನ್ನೊಂದು ಹಂಚು ತಂದಳು. ಹೊಸದನ್ನು ಅಪ್ಪನಿಗೆ ಕೊಟ್ಟು, ಎಣ್ಣೆ ಕುಡಿದು ಪಳಗಿದ ಹಳೆಯದನ್ನು ತಾನು ಇಟ್ಟುಕೊಂಡಳು.

ರಿಪೇರಿ ಆದ ಮೇಲೆ ಕ್ಯಾಮೆರಾ ಸರಿಯಾಗಿದೆಯೋ ಇಲ್ಲವೋ ನೋಡಬೇಕಲ್ಲ. ದೊಡ್ಡ ಊರುಗಳಲ್ಲಿ ಅದಕ್ಕೆ ಗೆರೆ ಎಳೆದ ಹಾಳೆಗಳಿರುತ್ತವಂತೆ. ಅಪ್ಪನಿಗೆ ಇದ್ದದ್ದು ಮೊರ. ಬಿದಿರಿನ ಸಣ್ಣ ಸಣ್ಣ ಕಡ್ಡಿಗಳನ್ನು ಹೆಣೆದ, ಅಕ್ಕಿ ಕೇರುವ ಮೊರ. ಅದರ ಒಂದೊಂದು ಕಡ್ಡಿಯೂ ಫಿಲ್ಮಿನ ಮೇಲೆ ಬೇರೆ ಬೇರೆಯಾಗಿ ಕಂಡರೆ ಲೆನ್ಸು ಸರಿಯಾಗಿ ಕೂತಿದೆ ಎಂದು ಅರ್ಥ. ಮೊರ ತನ್ನಷ್ಟಕ್ಕೆ ನಿಲ್ಲುವುದಿಲ್ಲ, ಹಿಡಿಯಲು ಒಬ್ಬರು ಬೇಕು. ಆ ಒಬ್ಬರು ಅವ್ವ. ಕೆಲಸ ಬಿಟ್ಟು ಬಂದು ಹಿತ್ತಲ ಬಾಗಿಲ ಬೆಳಕಿನಲ್ಲಿ ನಿಂತು, ತೌಡು ಸೀರೆಗೆ ತಾಗದಂತೆ ಮೊರವನ್ನು ಎದೆಯ ಮುಂದೆ ಕೈಚಾಚಿ ಹಿಡಿಯುವಳು. ಅಪ್ಪ ಎರಡು ಹೆಜ್ಜೆ ಈಚೆಗೆ ನಡುಮನೆಯ ಕಂಬಕ್ಕೆ ಒರಗಿ ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದು, ಮೊರದ ಮೇಲೆ ಗುರಿ ಕೂಡಿಸಿ ಒತ್ತುವನು. ಫಿಲ್ಮು ಕ್ಯಾಮೆರಾದವರದೇ. ಸ್ಟುಡಿಯೋದವರು ಉಳಿದ ಬಳಿದ ತುಂಡು ಫಿಲ್ಮು ಹಾಕಿ ತರುತ್ತಿದ್ದರು, ಒಯ್ದು ತಾವೇ ತೊಳೆದು ನೋಡುತ್ತಿದ್ದರು. ಹೀಗಾಗಿ ನಾಲ್ಕು ತಾಲೂಕಿನ ಸ್ಟುಡಿಯೋಗಳಲ್ಲಿ ಅವ್ವ ಎಲ್ಲರಿಗೂ ಗುರುತು. ಅವಳನ್ನು ಅವರು ಮೊರದಕ್ಕ ಎನ್ನುತ್ತಿದ್ದರು. ಸವಣೂರಿನ ಖಾದರಸಾಬ ಕಾಕಾ ಬಂದರೆ ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಸವಣೂರಿನ ಎಳೆ ವೀಳ್ಯದೆಲೆಯ ಕಟ್ಟು ಕೊಟ್ಟು, ಮೊರದಕ್ಕ ಛಲೋ ಬಂದಾರ ಎಂದು ಹೇಳಿಯೇ ಕೂರುತ್ತಿದ್ದರು. ಚಂದ ಬಂದಿದ್ದಾಳೆ ಎಂದಲ್ಲ, ಲೆನ್ಸು ಸರಿಯಾಗಿದೆ ಎಂದು ಅದರ ಅರ್ಥ. ಆ ಚಿತ್ರಗಳನ್ನು ಮನೆಗೆ ತರಿಸಿಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವ್ವ ಮನೆಯಲ್ಲೇ ಇದ್ದಳಲ್ಲ.

ಆ ದಿನ ಬಂದವನು ಹಿರೇಕೆರೂರಿನ ನಿಂಗಪ್ಪ. ಸ್ಟುಡಿಯೋ ಇರಲಿಲ್ಲ ಅವನಿಗೆ, ಮದುವೆ ಮುಂಜಿಗೆ ಊರೂರು ತಿರುಗಿ ಫೋಟೋ ತೆಗೆಯುತ್ತಿದ್ದ. ಆ ಕಡೆಯ ಒಂದು ಮಠದಲ್ಲಿ ಸಾಮೂಹಿಕ ಮದುವೆ ಇತ್ತು. ಸಾಲು ಸಾಲು ಜೋಡಿಗಳು, ಇವನ ಕ್ಯಾಮೆರಾದ ಶಟರು ಅಂಟಿಕೊಂಡು ಕೂತಿತ್ತು. ಅಪ್ಪ ಬಿಚ್ಚಿ ಒರೆಸಿ ಜೋಡಿಸುವ ತನಕ ಅಂಗಳದಲ್ಲಿ ಅವನು ಬಸ್ಸಿನ ಹೊತ್ತು ಹೇಳುತ್ತ ಅಡ್ಡಾಡುತ್ತಿದ್ದ. ತುಂಡು ಫಿಲ್ಮು ತಂದಿರಲಿಲ್ಲ. ಹೊಸ ರೀಲನ್ನೇ ಹಾಕಿ, ಮೊದಲನೆಯದರಲ್ಲಿ ಟೆಸ್ಟ್ ಮಾಡಿ ಕೊಟ್ಟುಬಿಡಿ, ಹಾಗೇ ಮದುವೆಗೆ ಓಡುತ್ತೇನೆ ಎಂದ. ಅಪ್ಪ ಅವ್ವನನ್ನು ಕರೆದ. ಅವ್ವ ಸಂಡಿಗೆಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಮೊರ ಹಿಡಿದು ನಿಂತಳು. ಒಲೆಯ ಮೇಲೆ ಹಿಟ್ಟು ತಳ ಹಿಡಿಯುತ್ತದೆಂಬ ಚಿಂತೆ ಅವಳಿಗೆ.

"ನಾ ಯಾಕ ನಿಲ್ಲಬೇಕ್ರಿ ಇಲ್ಲಿ? ಈ ಮೊರಕ್ಕ ಒಂದು ಕುಂಕುಮ ಹಚ್ಚಿ ಅದರದ ಫೋಟೋ ತಕ್ಕೊಂಡ್ರ ಆತು," ಎಂದಳು.

ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಆಯಿ ತಲೆ ಎತ್ತದೆ ಹೇಳಿದಳು: "ಇವಗ ಮೊರದ ಜೋಡೀನ ಲಗ್ನ ಮಾಡಿದ್ರ ಆಗತಿತ್ತು. ಅದು ಸೀರಿ ಬೇಡತಿದ್ದಿಲ್ಲ, ತವರಮನಿ ಬೇಡತಿದ್ದಿಲ್ಲ."

"ಎದರ ಮಾತೂ ಆಡತಿದ್ದಿಲ್ಲ ಬಿಡ್ರಿ ಆಯಿ," ಎಂದ ನಿಂಗಪ್ಪ.

ಅವ್ವನಿಗೆ ನಗು ತಡೆಯಲಾಗಲಿಲ್ಲ. ಹೊರಗಿನವರ ಮುಂದೆ ಹಲ್ಲು ಕಾಣಬಾರದೆಂದು ಮೊರವನ್ನು ಮೇಲೆತ್ತಿ ಬಾಯಿಗೆ ಅಡ್ಡ ಹಿಡಿದಳು. ಆದರೂ ತಡೆಯದೆ ಮೊರ ಜಾರಿ ಕೆನ್ನೆಗೆ ಬಂತು. ಕೆನ್ನೆಗೆ ಮೊರ ಒತ್ತಿಕೊಂಡು, ತಲೆ ಒಂದು ಬದಿಗೆ ವಾಲಿಸಿ ನಗುತ್ತಿದ್ದವಳನ್ನು ಅಪ್ಪ ಹಾಗೇ ತೆಗೆದ. ಶಟರು ಟಕ್ಕೆಂದು ಚೊಕ್ಕ ಸದ್ದು ಮಾಡಿತು. ಅಲುಗಾಡಿದೆ, ಇನ್ನೊಂದು ತೆಗೆಯೋಣ ಎಂದು ಅಪ್ಪ ಹೇಳುವಷ್ಟರಲ್ಲಿ ನಿಂಗಪ್ಪ ಕ್ಯಾಮೆರಾ ಇಸಿದುಕೊಂಡ. ಸಾಕು, ಮದುವೆ ಮಂದಿಗೂ ರೀಲಿನಲ್ಲಿ ಜಾಗ ಉಳಿಯಲಿ ಎಂದು ಬಸ್ ಸ್ಟ್ಯಾಂಡಿನ ಕಡೆ ಓಡಿದ. ಅವ್ವ ಮೊರವನ್ನು ಗೂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಹಿಟ್ಟು ತಳ ಹಿಡಿದಿತ್ತು. ಆ ತಳದ ಸೀಕನ್ನು ಕೆರೆದು ಉಂಡೆ ಮಾಡಿ ನನ್ನ ಅಂಗೈಗೆ ಕೊಟ್ಟಳು. ಮಧ್ಯಾಹ್ನವೆಲ್ಲ ಅಂಗಳದಲ್ಲಿ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟೆವು. ಕಾಗೆ ಕಾಯುವ ಕೆಲಸ ನನ್ನದು. ಅಷ್ಟೇ ಆ ದಿನ. ಬೇರೆ ಏನೂ ನಡೆಯಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ತಲೆ ಸಿಡಿಯುತ್ತದೆ ಎಂದಳು. ಒಲೆಯ ಮುಂದೆ ಕೂತವಳು ಹಾಗೇ ಗೋಡೆಗೆ ವಾಲಿದಳು. ಹಾನಗಲ್ಲಿನ ಡಾಕ್ಟರು ನೋಡಿ, ಹುಬ್ಬಳ್ಳಿಗೆ ಒಯ್ಯಿರಿ, ತಲೆಯ ಸ್ಕ್ಯಾನ್ ಆಗಬೇಕು ಎಂದರು. ಟೆಂಪೋದಲ್ಲಿ ದಾರಿಯ ತಡಸ ಊರು ದಾಟುವಾಗ ಅವಳ ತಲೆ ಅಪ್ಪನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ ಇದ್ದವು. ಹೋದ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಕೋಣೆಯ ಬಾಗಿಲು ಹಾಕಿತ್ತು. ಮಷಿನ್ ಕೆಟ್ಟಿದೆ, ಇಂಜಿನಿಯರ್ ದೂರದಿಂದ ಬರಬೇಕು ಎಂದರು. ಅವರೇ ಓಡಾಡಿ ಇನ್ನೊಂದು ಕಡೆಗೆ ಕಳಿಸುವ ವ್ಯವಸ್ಥೆ ಮಾಡುವ ತನಕ ನಾವು ಬೆಂಚಿನ ಮೇಲೆ ಕೂತಿದ್ದೆವು. ಅಲ್ಲಿದ್ದ ಯಾರೋ ಒಬ್ಬರು ಆ ಬಾರದ ಇಂಜಿನಿಯರನನ್ನು ಬೈಯತೊಡಗಿದರು. ಅಪ್ಪ ಮಾತ್ರ ಮೆಲ್ಲಗೆ, "ಬೈಬ್ಯಾಡ್ರಿ. ಅವನೂ ಎಲ್ಲೋ ಇನ್ನೊಂದು ಮಷಿನ್ ಮುಂದ ಕುಂತಿರಬೇಕು. ಕೆಲಸ ಮುಗಿಸಿ ಬರ್ತಾನ," ಎಂದ. ಸಂಜೆಯ ಹೊತ್ತಿಗೆ ಅವ್ವ ಹೋದಳು. ತಲೆಯೊಳಗೆ ರಕ್ತನಾಳ ಒಡೆದಿತ್ತು, ಬೆಳಿಗ್ಗೆಯೇ ಸ್ಕ್ಯಾನ್ ಆಗಿದ್ದರೂ ಉಳಿಯುವುದು ಕಷ್ಟವಿತ್ತು ಎಂದು ಆಮೇಲೆ ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ಹೇಳಿದರು. ಅಷ್ಟು ಹೊತ್ತು ಕೊಟ್ಟು ಹೇಳಿದ್ದಕ್ಕೆ ಅಪ್ಪ ಅವರಿಗೆ ಕೈಮುಗಿದ. ನಮ್ಮ ಗದ್ದೆಯ ಬದುವಿನಲ್ಲಿ ಅವ್ವನಿಗೆ ಮಣ್ಣು ಕೊಟ್ಟು ಬಂದಾಗ ಅಂಗಳದಲ್ಲಿ ಸಂಡಿಗೆ ಒಣಗಿ ಹಗುರಾಗಿ, ಗಾಳಿಗೆ ಸೀರೆಯ ಮೇಲೆ ಸರಿದಾಡುತ್ತಿದ್ದವು. ಕಾಗೆ ಕಾಯಲು ಯಾರೂ ಇರಲಿಲ್ಲ. ಆದರೂ ಕಾಗೆಗಳು ಎಲ್ಲವನ್ನೂ ತಿಂದಿರಲಿಲ್ಲ.

ಮನೆಗೆ ಬಂದವರು ಫೋಟೋ ಕೇಳಿದರು. ಮಾಲೆ ಹಾಕಲು, ಮುಂದೆ ದೀಪ ಇಡಲು ಒಂದು ಫೋಟೋ ಬೇಕಲ್ಲ. ಅಪ್ಪ ಟ್ರಂಕು ತೆಗೆದ. ಅದರಲ್ಲಿ ಇದ್ದದ್ದು ಮದುವೆಯ ಫೋಟೋ ಒಂದೇ. ಅದರಲ್ಲಿ ಅವ್ವ ತಲೆ ತಗ್ಗಿಸಿ ಕೂತಿದ್ದಾಳೆ, ಬಾಸಿಂಗದ ಎಳೆಗಳು ಮುಖದ ಮೇಲೆ ಇಳಿಬಿದ್ದಿವೆ; ಮೂಗಿನ ತುದಿ ಮಾತ್ರ ಕಾಣುತ್ತದೆ. ಆಯಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ನಾಕು ತಾಲೂಕಿನ ಮಂದಿ ಮಾರಿ ನಿನ್ನ ಕೈಯಾಗ ರಿಪೇರಿ ಆದ ಕ್ಯಾಮೆರಾದಾಗ ಬಂದಾವು. ನನ್ನ ಸೊಸಿದು ಒಂದ ಇಲ್ಲಲ್ಲೋ ತಮ್ಮಾ," ಎಂದಳು. ಅದು ಆಡಿಕೊಂಡ ಮಾತಾಗಿರಲಿಲ್ಲ. ನನಗೆ ಆಗಲೇ ಒಂದು ಹೆದರಿಕೆ ಹುಟ್ಟಿತು. ಕಣ್ಣು ಮುಚ್ಚಿದರೆ ಅವ್ವನ ಕೈ ಕಾಣುತ್ತಿತ್ತು, ಬಳೆ ಕಾಣುತ್ತಿತ್ತು, ಸೀರೆಯ ಅಂಚು ಕಾಣುತ್ತಿತ್ತು. ಮುಖ ಬರಬೇಕಾದ ಜಾಗದಲ್ಲಿ ಬೆಳಕು ಬರುತ್ತಿತ್ತು. ಇನ್ನು ಸ್ವಲ್ಪ ದಿನ ಹೋದರೆ ಪೂರ್ತಿ ಮರೆಯುತ್ತೇನೆ, ಆಮೇಲೆ ಯಾರನ್ನು ಕೇಳುವುದು ಎಂದು ಅಳುತ್ತಿದ್ದೆ. ಅವ್ವ ಹೋದದ್ದಕ್ಕೆ ಅಳುತ್ತಿದ್ದೇನೆ ಎಂದು ಎಲ್ಲರೂ ತಿಳಿದಿದ್ದರು.

ಖಾದರಸಾಬ ಕಾಕಾ ಮಾತನಾಡಿಸಲು ಬಂದದ್ದು ಕೆಲವು ದಿನ ಬಿಟ್ಟು. ಎಲೆಯ ಕಟ್ಟನ್ನು ತರಬೇಕೋ ಬೇಡವೋ ತಿಳಿಯದೆ ತಂದು, ಆಯಿಯ ಕೈಗೆ ಕೊಡಲಾರದೆ ಕಟ್ಟೆಯ ಮೇಲಿಟ್ಟು ಕೂತರು. ಆಮೇಲೆ ಚೀಲದಿಂದ ದಪ್ಪ ಲಕೋಟೆ ತೆಗೆದರು. ಸುದ್ದಿ ತಿಳಿದ ದಿನದಿಂದ ತಮ್ಮ ಸ್ಟುಡಿಯೋದ ಹಳೆಯ ನೆಗೆಟಿವ್ ಡಬ್ಬಿಗಳನ್ನೆಲ್ಲ ಸುರುವಿ, ಅವ್ವ ಇದ್ದ ಪ್ರತಿಯೊಂದನ್ನೂ ಹುಡುಕಿ ದೊಡ್ಡದು ಮಾಡಿ ತಂದಿದ್ದರು. ಅವರು ಹೇಳಿಕಳಿಸಿ ಶಿಗ್ಗಾಂವಿಯವರೂ ಹುಡುಕಿದ್ದರು, ತಿಳವಳ್ಳಿಯವರೂ ಹುಡುಕಿದ್ದರು. ಪಡಸಾಲೆಯ ಚಾಪೆಯ ಮೇಲೆ ಒಂದೊಂದಾಗಿ ಹರಡಿದರು. ಅದೇ ಹಿತ್ತಲ ಬಾಗಿಲು, ಅದೇ ಬೆಳಕು, ಬೇರೆ ಬೇರೆ ಸೀರೆ. ಒಂದರಲ್ಲಿ ನಾನು ಅವಳ ಕಾಲ ಬಳಿ ಕೂತು ಮೂಗಿನಲ್ಲಿ ಬೆರಳಿಟ್ಟಿದ್ದೆ. ನಾವು ಇಟ್ಟುಕೊಳ್ಳದೆ ಬಿಟ್ಟದ್ದನ್ನು ಊರೂರಿನವರು ಎಸೆಯದೆ ಇಟ್ಟಿದ್ದರು. ಬೇಡವಾದ ಟೆಸ್ಟ್ ನೆಗೆಟಿವ್ ಯಾರು ಇಡುತ್ತಾರೆ ಹೇಳಿ. ಮೊರದಕ್ಕನನ್ನು ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ ಎಂದರು ಕಾಕಾ. ಇವತ್ತಿಗೂ ಯಾರಾದರೂ ನನ್ನೆದುರು ಜನ ಕೆಟ್ಟುಹೋದರು ಎಂದರೆ ನಾನು ಹೂಂ ಎನ್ನಲಾರೆ. ಆ ಚಾಪೆ ಕಣ್ಣ ಮುಂದೆ ಬರುತ್ತದೆ.

ಆದರೆ ಅಪ್ಪ ಬಗ್ಗಿ ನೋಡಿದವನು ಮೇಲೆ ಏಳಲಿಲ್ಲ. ಭೂತಗನ್ನಡಿ ತಂದು ಒಂದೊಂದನ್ನೂ ಮತ್ತೆ ನೋಡಿದ. ಪ್ರತಿ ಚಿತ್ರದಲ್ಲೂ ಮೊರ ಚೊಕ್ಕವಾಗಿತ್ತು; ಕಡ್ಡಿ ಕಡ್ಡಿ ಬೇರೆ, ಹೆಣಿಗೆ ಹೆಣಿಗೆ ಬೇರೆ, ಅಂಚಿನ ಹೊಲಿಗೆಯ ದಾರವೂ ಕಾಣುತ್ತಿತ್ತು. ಅವ್ವನ ಮುಖ ಮಾತ್ರ ಹರಿಯುವ ನೀರಿನ ತಳದಲ್ಲಿ ಇದ್ದ ಹಾಗಿತ್ತು. ಲೆನ್ಸಿನ ಕಿಂಡಿ ಪೂರ್ತಿ ತೆರೆದಾಗ ಯಾವುದೋ ಒಂದೇ ದೂರ ಚೊಕ್ಕವಾಗಿ ಬರುತ್ತದೆ, ಅದರ ಹಿಂದು ಮುಂದಿನದು ಮಸುಕಾಗುತ್ತದೆ. ಅಪ್ಪ ಗುರಿ ಇಟ್ಟದ್ದು ಮೊರಕ್ಕೆ. ಅವ್ವ ಕೈಚಾಚಿ ಅದನ್ನು ಮುಂದೆ ಹಿಡಿದಿದ್ದಳು. ಒಂದು ಕೈಯಳತೆ ಹಿಂದೆ ಅವಳ ಮುಖ. ಇಷ್ಟು ವರ್ಷ ಅವನು ಹೆಂಡತಿಯ ಮುಂದೆ ನಿಂತು ಮೊರವನ್ನು ನೋಡಿದ್ದ. ಅದು ಕೆಲಸದ ರೀತಿ, ತಪ್ಪೆಂದು ಹೇಳುವಂತಿಲ್ಲ. ಖಾದರಸಾಬ ಕಾಕಾ ಸ್ಟುಡಿಯೋದವರು. ಸಣ್ಣ ಕುಂಚದಲ್ಲಿ ಕಣ್ಣು ಹುಬ್ಬು ತಿದ್ದಿ ಚೊಕ್ಕ ಮಾಡಿ ಕೊಡುತ್ತೇನೆ, ಗೊತ್ತೇ ಆಗುವುದಿಲ್ಲ ಎಂದರು. ಅಪ್ಪ ತಲೆ ಅಲ್ಲಾಡಿಸಿದ.

"ಬ್ಯಾಡ್ರಿ ಖಾದರಸಾಬ್ರ. ತಿದ್ದಿದ್ರ ಅದು ನಿಮ್ಮ ಕೈ ಆಗತೈತಿ, ಅಕೀ ಕಣ್ಣು ಆಗಂಗಿಲ್ಲ."

ಮಸುಕಾದದ್ದರಲ್ಲೇ ಒಂದನ್ನು ಗೋಡೆಗೆ ಹಾಕಿದೆವು. ದೂರದಿಂದ ನೋಡಿದರೆ ಅವ್ವನೇ. ಹತ್ತಿರ ಹೋದಂತೆ ಅವಳು ಹಿಂದೆ ಸರಿಯುತ್ತಿದ್ದಳು, ಮೊರ ಮುಂದೆ ಬರುತ್ತಿತ್ತು. ನಾನು ದೂರದಿಂದ ನೋಡುವುದನ್ನು ಕಲಿತೆ. ಒಂದು ರಾತ್ರಿ ಊಟಕ್ಕೆ ಆಯಿ ಅವ್ವ ಇಟ್ಟ ಸಂಡಿಗೆಯನ್ನು ಮೊದಲ ಸಲ ಕರಿದಾಗ ನನಗೆ ಆ ದಿನದ ನಗು ನೆನಪಾಯಿತು. ನಿಂಗಪ್ಪನ ಕ್ಯಾಮೆರಾದಲ್ಲಿ ಅವ್ವ ಮೊರವನ್ನು ಕೆನ್ನೆಗೆ ಒತ್ತಿಕೊಂಡಿದ್ದಳಲ್ಲ ಎಂದೆ. ಅಪ್ಪ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ನನ್ನನ್ನು ನೋಡಿದ. ಮೊರ ಕೆನ್ನೆಗೆ ತಾಗಿದ್ದರೆ ಮೊರವೂ ಮುಖವೂ ಒಂದೇ ದೂರ. ಮೊರ ಚೊಕ್ಕವಾಗಿ ಬಂದಿದ್ದರೆ ಅವ್ವನೂ ಬಂದಿರಲೇಬೇಕು.

ಬೆಳಗಾದ ಮೇಲೆ ಅಪ್ಪ ಮೊದಲ ಬಸ್ಸಿಗೆ ಹಿರೇಕೆರೂರಿಗೆ ಹೋದ. ಹಿಂದಿರುಗುವಾಗ ನಿಂಗಪ್ಪ ಜೊತೆಗಿದ್ದ. ಅವನು ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ತಲೆ ಹಿಡಿದು ಕೂತ. ರೀಲನ್ನು ಹುಬ್ಬಳ್ಳಿಯ ಲ್ಯಾಬಿಗೆ ಕೊಟ್ಟಾಗ, ಮೊದಲನೆಯದು ಟೆಸ್ಟ್, ಅದನ್ನು ಬಿಟ್ಟು ಪ್ರಿಂಟ್ ಹಾಕಿ ಎಂದು ಅವನೇ ಹೇಳಿದ್ದ. ಲ್ಯಾಬಿನವರು ನೆಗೆಟಿವನ್ನು ಪಟ್ಟಿ ಪಟ್ಟಿ ಕತ್ತರಿಸಿ ಕೊಟ್ಟಿದ್ದರು. ಯಾವ ಜೋಡಿಯ ಫೋಟೋ ಯಾವ ಪಟ್ಟಿಯಲ್ಲಿದೆಯೋ ಆ ಪಟ್ಟಿಯನ್ನು ಫೋಟೋದ ಜೊತೆಗೆ ಆ ಜೋಡಿಗೇ ಕೊಡುವುದು ಅವನ ಪದ್ಧತಿ. ನಾಳೆ ಅವರಿಗೆ ಇನ್ನೊಂದು ಪ್ರತಿ ಬೇಕಾದೀತು ಎಂದು. ಹಾಗೇ ಮಠದಲ್ಲಿ ಸಾಲಾಗಿ ನಿಲ್ಲಿಸಿ ಹಂಚಿದ್ದ. ರೀಲಿನಲ್ಲಿ ಅವ್ವನ ಚಿತ್ರ ಆದ ಮೇಲೆ ಮೊದಲು ತೆಗೆಸಿಕೊಂಡ ಜೋಡಿ ಯಾವುದು, ಯಾವ ಊರಿನದು ಎಂದು ಅವನಿಗೆ ನೆನಪಿರಲಿಲ್ಲ. ಎಲ್ಲ ತಾಲೂಕಿನಿಂದ ಬಂದಿದ್ದರು, ಎಲ್ಲರಿಗೂ ಬಾಸಿಂಗ, ಎಲ್ಲರಿಗೂ ಒಂದೇ ಬಣ್ಣದ ಸೀರೆ. "ಹುಡುಕಿ ಕೊಡ್ತೇನ್ರಿ ಅಣ್ಣಾರ," ಎಂದ. ಅವನು ಹುಡುಕದೆ ಬಿಡಲಿಲ್ಲ. ಪ್ರತಿ ಯುಗಾದಿಗೆ ನಮ್ಮ ಮನೆಗೆ ಬರುತ್ತಿದ್ದ. ಬೇವು ಬೆಲ್ಲ ತಿಂದು, ಆ ವರ್ಷ ಯಾವ ಯಾವ ಜೋಡಿಯ ಮನೆಗೆ ಹೋಗಿದ್ದೆ, ಯಾರಿಗೆ ಎಷ್ಟು ದೊಡ್ಡ ಮಕ್ಕಳಾಗಿದ್ದಾರೆ ಎಂದು ಹೇಳಿ, ಬರಿಗೈ ತೋರಿಸಿ ಹೋಗುತ್ತಿದ್ದ. ಈಗ ಅವನಿಗೆ ಕಣ್ಣು ಮಂದವಾಗಿದೆ. ಹಬ್ಬದ ದಿನ ಮಗನ ಕೈಯಲ್ಲಿ ಫೋನು ಮಾಡಿಸುತ್ತಾನೆ.

ಆಮೇಲೆ ಅಪ್ಪ ಮೊರವನ್ನು ಟೆಸ್ಟಿಗೆ ಬಳಸಲಿಲ್ಲ. ನನ್ನನ್ನು ಅದೇ ಬಾಗಿಲಲ್ಲಿ ನಿಲ್ಲಿಸುತ್ತಿದ್ದ. ನಮ್ಮ ಕಡೆ ಮಗಳನ್ನೂ ಮುದ್ದಿಗೆ ತಂಗಿ ಎನ್ನುತ್ತಾರೆ. "ಕಣ್ಣು ಮಿಟಕಿಸಬ್ಯಾಡ ತಂಗಿ, ರೆಪ್ಪಿ ಎಣಸಾಕತ್ತೇನಿ," ಎನ್ನುತ್ತಿದ್ದ. ಹೇಳದೆ ಕೇಳದೆ ಸ್ಟುಡಿಯೋದವರೆಲ್ಲ ಒಂದು ಪದ್ಧತಿ ಹಿಡಿದರು. ಯಾವ ಕ್ಯಾಮೆರಾ ರಿಪೇರಿಯಾಗಿ ಹೋದರೂ ನನ್ನ ಚಿತ್ರದ ಒಂದು ಪ್ರತಿ ಬಸ್ಸಿನಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಎರಡು ಜಡೆಯ ನಾನು, ಹಲ್ಲು ಬಿದ್ದ ನಾನು, ಮೊದಲ ಸಲ ಲಂಗ ದಾವಣಿ ಉಟ್ಟು ಮುಖ ಊದಿಸಿಕೊಂಡ ನಾನು. ನಾನು ಬೆಳೆದದ್ದೆಲ್ಲ ರೆಪ್ಪೆ ರೆಪ್ಪೆ ಕಾಣುವ ಹಾಗೆ ಟ್ರಂಕಿನಲ್ಲಿದೆ. ಅಪ್ಪ ಮುದ್ದು ಮಾಡಿ ಮಾತಾಡುವವನಲ್ಲ. ಆದರೆ ದಿನ ಬಿಟ್ಟು ದಿನ ಯಾರೋ ಒಬ್ಬರ ಕ್ಯಾಮೆರಾದೊಳಗಿಂದ ಅಷ್ಟು ಹೊತ್ತು ನನ್ನ ಕಣ್ಣನ್ನೇ ನೋಡುತ್ತಿದ್ದನಲ್ಲ, ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳಲಾರೆ.

ಫಿಲ್ಮು ಹೋಯಿತು, ಸ್ಟುಡಿಯೋಗಳು ಒಂದೊಂದಾಗಿ ಝೆರಾಕ್ಸ್ ಅಂಗಡಿಗಳಾದವು. ನಾನು ಐಟಿಐ ಓದಿ, ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗ್ ಮಷಿನ್ನುಗಳ ಕೆಲಸ ಕಲಿತೆ. ಈಗ ಈ ನಾಲ್ಕು ತಾಲೂಕಿನ ಆಸ್ಪತ್ರೆಗಳಿಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಹೋಗುತ್ತೇನೆ. ಮಷಿನ್ ಅಕ್ಕ ಬಂದರು ಎನ್ನುತ್ತಾರೆ. ತಿರುಪುಗಳನ್ನು ಇಡಲು ಬ್ಯಾಗಿನಲ್ಲಿ ಅದೇ ಪಡ್ಡಿನ ಹಂಚಿದೆ. ಹಿಡಿಕೆ ಮುರಿದಿದೆ, ಕುಳಿಗಳು ಹಾಗೇ ಇವೆ. ಎಕ್ಸ್‌ರೇ ಸರಿಯಾಗಿದೆಯೇ ಎಂದು ನೋಡಲು ಕಂಪನಿ ಒಂದು ಸಣ್ಣ ಪಟ್ಟಿ ಕೊಟ್ಟಿದೆ, ಅದರ ತುಂಬ ಹತ್ತಿರ ಹತ್ತಿರದ ಗೆರೆಗಳು. ಅದನ್ನು ಮೊದಲ ಸಲ ಕೈಗೆ ಕೊಟ್ಟಾಗ ನಾನು ಮೊರದ ಹಾಗೆ ಎದೆಯ ಮುಂದೆ ಕೈಚಾಚಿ ಹಿಡಿದು ನಿಂತೆ. ಕಲಿಸುವವರು ಅರ್ಥವಾಗಲಿಲ್ಲವೇ ಎಂದು ಕೇಳಿದರು. ಆಯಿತು ಎಂದೆ. ಕೆಲಸ ಮಾಡುವಾಗ ಹೊರಗಿನ ಬೆಂಚಿನ ಮೇಲೆ ಯಾರಾದರೂ ಕಾಯುತ್ತ ಕೂತಿದ್ದರೆ, ಒಮ್ಮೆ ಎದ್ದು ಹೋಗಿ, ಇಲ್ಲೇ ಇದ್ದೇನೆ, ಮಾಡುತ್ತಿದ್ದೇನೆ ಎಂದು ಹೇಳಿ ಬರುತ್ತೇನೆ. ಅವ್ವ ಹೋದ ದಿನ ಅಪ್ಪ ಕಾಣದ ಒಬ್ಬ ಇಂಜಿನಿಯರನ ಪರವಾಗಿ ಮಾತಾಡಿದ. ಅವನು ನಂಬಿದ ಹಾಗೆ ನಾನು ಇದ್ದರೆ ಸಾಕು.

ಹಿರೇಕೆರೂರಿನ ಕಡೆ ಕೆಲಸ ಬಿದ್ದಾಗ, ನಿಂಗಪ್ಪ ಗುರುತು ಹೇಳಿದ ಮನೆಗೋ, ಆ ಮಠದಲ್ಲಿ ಮದುವೆಯಾದವರೆಂದು ಯಾರಾದರೂ ತೋರಿಸಿದ ಮನೆಗೋ ಹೋಗುತ್ತೇನೆ. ಯಾರೂ ಇದುವರೆಗೆ ಬಾಗಿಲಲ್ಲಿ ನಿಲ್ಲಿಸಿ ಕಳಿಸಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಕೈತೊಳೆದುಕೊಂಡು ಎದ್ದು, ಅಟ್ಟದಿಂದ ಟ್ರಂಕು ಇಳಿಸಿದಳು. ನೆಗೆಟಿವ್ ಪಟ್ಟಿಗಳು ತೇವಕ್ಕೆ ಒಂದಕ್ಕೊಂದು ಅಂಟಿದ್ದವು. ಕಿಟಕಿಯ ಹತ್ತಿರ ಕೂತು ಮೆಲ್ಲಗೆ ಬಿಡಿಸಿ ಬೆಳಕಿಗೆ ಹಿಡಿದೆ. ಪಟ್ಟಿಯ ಮೊದಲಿಗೆ ಅವಳೇ ಇದ್ದಳು. ಗಂಡನ ಪಕ್ಕ, ಎಳೆಯ ಹುಡುಗಿ, ಹೆದರಿದ ಕೈ. ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವಳಿಗೆ ನನಗಿಂತ ಹೆಚ್ಚು ಕಸಿವಿಸಿಯಾಯಿತು.

"ನಮ್ಮ ಮದಿವ್ಯಾಗ ನಿಮ್ಮವ್ವ ಬಂದಿದ್ಲಂದ್ರ ಅಕೀಗೆ ಮೊದಲು ಉಣ್ಣಾಕ ನೀಡ್ತಿದ್ವಿ ಯವ್ವಾ," ಎಂದಳು. "ಇರಲಿ, ನೀ ಆದ್ರೂ ಉಂಡು ಹೋಗು."

ಉಂಡು ಬಂದೆ. ಅಪ್ಪ ಆಗ ಇನ್ನೂ ಇದ್ದ. ಮೇಜಿನ ಮುಂದೆ ಕೂರುವುದನ್ನು ಬಿಟ್ಟು ಬಹಳ ದಿನವಾಗಿತ್ತು, ಕೈ ನಡುಗುತ್ತಿತ್ತು. ಆದರೂ ನಾನು ಮನೆಗೆ ಬಂದರೆ ಒಂದೇ ಮಾತು ಕೇಳುತ್ತಿದ್ದ: "ಹಿರೇಕೆರೂರ ಕಡೆ ಹೋಗಿದ್ದೇನು?" ಹೋಗಿದ್ದೆ, ಸಿಗಲಿಲ್ಲ ಎಂದೆ. ಆ ದಿನ ನಾನು ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ. ಅವ್ವ ನಗುತ್ತ ಅಲುಗಾಡಿದ್ದಳು, ರೀಲಿನ ಮೊದಲ ಚಿತ್ರ ಬೇರೆ, ಬೆಳಕು ಬಿದ್ದು ಸುಟ್ಟಿರಬಹುದು, ನಿಜವಾಗಿಯೂ ಬಂದಿರುತ್ತದೆಯೇ ಎಂದೆ. ಅಪ್ಪ ಕಣ್ಣು ಮುಚ್ಚಿದ. ಆ ಶಟರಿನ ಸದ್ದನ್ನು ಮತ್ತೆ ಕೇಳುತ್ತಿದ್ದನೋ ಏನೋ.

"ರೀಲು ಇನ್ನೊಂದೀಟು ಸುತ್ತೇ ತಗದೇನಿ. ಹಿತ್ತಲ ಬೆಳಕು ಛಲೋ ಇತ್ತು. ಬಂದಿರತಾಳ ತಂಗಿ," ಎಂದ.

ಈ ಮಳೆಗಾಲದ ಮೊದಲಿಗೆ ಅಪ್ಪ ಹೋದ. ಆಯಿ ಅವನಿಗಿಂತ ಮೊದಲೇ ಹೋಗಿದ್ದಳು. ಖಾದರಸಾಬ ಕಾಕಾ ಈಗ ಇಲ್ಲ; ಅವರ ಮಗ ಸವಣೂರಿನಿಂದ ಎಲೆಯ ಕಟ್ಟು ಹಿಡಿದು ಬಂದಿದ್ದ, ಎಲೆ ಹಾಕುವವರು ಮನೆಯಲ್ಲಿ ಯಾರೂ ಉಳಿದಿಲ್ಲವೆಂದು ಗೊತ್ತಿದ್ದೂ. ಹಾನಗಲ್ಲಿನ ಮನೆ ಪಾಲಾಗಿ, ಪಡಸಾಲೆ ಇದ್ದಲ್ಲಿ ಅಂಗಡಿ ಸಾಲು ಎದ್ದಿದೆ. ಹಿತ್ತಲ ಬಾಗಿಲನ್ನು ಕೆಡಹುವ ಮೊದಲು ನಾನು ಹೋಗಿ ಸ್ವಲ್ಪ ಹೊತ್ತು ಅಲ್ಲಿ ನಿಂತೆ. ಬೆಳಕು ಅದೇ ಬದಿಯಿಂದ ಬರುತ್ತಿತ್ತು. ಮೊರ ನನ್ನಲ್ಲಿದೆ, ಅಂಚು ಬಿಚ್ಚಿದೆ. ಅಪ್ಪನ ಫೋಟೋವನ್ನು ಅವ್ವನದರ ಪಕ್ಕ ಹಾಕಿದ್ದೇನೆ. ಅವನದು ನಾನೇ ತೆಗೆದದ್ದು, ರೆಪ್ಪೆ ಎಣಿಸಿ ತೆಗೆದದ್ದು. ಹಿರೇಕೆರೂರಿನಿಂದ ಮನೆಗೆ ಬಂದ ದಿನ ಈಗ ಯಾರೂ ಏನೂ ಕೇಳುವುದಿಲ್ಲ.

ಇದನ್ನು ಓದುತ್ತಿರುವ ನೀವು ಆ ಕಡೆಯವರಾಗಿದ್ದರೆ, ನಿಮ್ಮ ಮನೆಯಲ್ಲೂ ಟ್ರಂಕಿನ ತಳದಲ್ಲಿ ಅಂಥದ್ದೊಂದು ಪಟ್ಟಿ ಇದ್ದರೆ, ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ವರ ವಧುವಿಗಿಂತ ಮೊದಲು, ನಿಮ್ಮ ಬಳಗದವಳಲ್ಲದ ಒಬ್ಬ ಹೆಂಗಸು ಮೊರವನ್ನು ಕೆನ್ನೆಗೆ ಒತ್ತಿಕೊಂಡು ನಗುತ್ತಿರುತ್ತಾಳೆ. ಇಷ್ಟು ವರ್ಷ ಅವಳನ್ನು ಇಟ್ಟುಕೊಂಡದ್ದಕ್ಕೆ ನಾನು ನಿಮಗೆ ಋಣಿ. ನನಗೆ ಬೇರೆ ಎಲ್ಲವೂ ಸಿಕ್ಕಿದೆ. ಅವ್ವ ಇಟ್ಟ ಸಂಡಿಗೆಯ ರುಚಿ, ಅಪ್ಪನ ಕೆಲಸ, ಗುರುತಿಲ್ಲದವರ ಮನೆಯ ಅನ್ನ. ಅವ್ವನ ಆ ಒಂದು ಚಿತ್ರ ಮಾತ್ರ ಇನ್ನೂ ಸಿಕ್ಕಿಲ್ಲ.